ಓದುಗರ ಪ್ರಶ್ನೆ: ಸಕಲೇಶಪುರದ ಘಟ್ಟವನ್ನು ರೈಲಿನಲ್ಲಿ ನೋಡಬೇಕೇ, ರಸ್ತೆಯಲ್ಲಿ ನೋಡಬೇಕೇ?

ಪ್ರಶ್ನೆ: ಮನೆಯ ಹಿರಿಯರು ಮತ್ತು ಮಕ್ಕಳೊಂದಿಗೆ ಹಾಸನ, ಚಿಕ್ಕಮಗಳೂರು ಕಡೆಗೆ ಕಾರಿನಲ್ಲಿ ಪ್ರವಾಸ ಬರಲಿದ್ದೇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯಲು ರೈಲು ಮೇಲೋ, ಕಾರೇ ಸಾಕೋ? ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಉತ್ತರ: ಘಟ್ಟವನ್ನು ಹಗಲಿನ ರೈಲಿನಲ್ಲಿ ಇಳಿಯಿರಿ, ರಸ್ತೆಯಲ್ಲಿ ಹತ್ತಿ ಬನ್ನಿ. ಎರಡೂ ದಾರಿಗಳು ಒಂದೇ ಘಟ್ಟವನ್ನು ತೋರಿಸುತ್ತವೆ ಎಂದು ಅನೇಕರು ಭಾವಿಸಿದ್ದಾರೆ. ಆದರೆ ಶಿರಾಡಿಯ ರಸ್ತೆ ಕೆಂಪುಹೊಳೆಯ ಕಣಿವೆಯನ್ನು ಹಿಡಿದು ಬೇಗನೆ ಕೆಳಗಿಳಿದುಬಿಡುತ್ತದೆ. ರೈಲಿಗೆ ಅಷ್ಟು ಕಡಿದಾದ ಇಳಿಜಾರು ಆಗದು; 50 ಅಡಿ ಮುಂದೆ ಸಾಗಿದರೆ ಒಂದು ಅಡಿಯಷ್ಟು ಮಾತ್ರ ಇಳಿಯುವಂತೆ ಹಳಿಯನ್ನು ಬೆಟ್ಟದ ಮಗ್ಗುಲಲ್ಲೇ ಸುತ್ತಿಸಿ, ಅಡ್ಡ ಬಂದ ಗುಡ್ಡವನ್ನು ಕೊರೆದು, ಹಳ್ಳಗಳಿಗೆ ಸೇತುವೆ ಕಟ್ಟಿ ಒಯ್ದಿದ್ದಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ದೂರದಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇರುವುದು ಈ ಕಾರಣಕ್ಕೇ. ಹೀಗಾಗಿ ಯಡಕುಮರಿ, ಶಿರಿಬಾಗಿಲು ಆಸುಪಾಸಿನ ಕಾಡು ರೈಲಿನಲ್ಲಿ ಕುಳಿತವರಿಗೆ ಕಾಣುವಂತೆ ಹೆದ್ದಾರಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ.

1979ರಲ್ಲಿ ಮೀಟರ್ ಗೇಜ್ ಹಳಿಯಾಗಿ ಆರಂಭವಾದ ಈ ಮಾರ್ಗವನ್ನು ಬ್ರಾಡ್‌ಗೇಜ್‌ಗೆ ಪರಿವರ್ತಿಸಲು 1996ರಲ್ಲಿ ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಘಟ್ಟದಲ್ಲಿ ರೈಲು ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗದಲ್ಲಷ್ಟೇ ಸಾಗುವುದರಿಂದ ಇಳಿಯಲು ಎರಡು ಗಂಟೆಗೂ ಹೆಚ್ಚು ಬೇಕು. ನೋಡಲೆಂದೇ ಬಂದವರಿಗೆ ಈ ನಿಧಾನವೇ ಲಾಭ. ಸುರಂಗದ ಕತ್ತಲೆಯಿಂದ ಬೋಗಿ ಹೊರಬಂದ ಕ್ಷಣವೇ ಸೇತುವೆಯ ಮೇಲಿರುತ್ತದೆ. ಒಂದು ಬದಿಯಲ್ಲಿ ಪಾಚಿಗಟ್ಟಿದ ಬಂಡೆಯ ಮೇಲಿಂದ ನೀರು ಜಾರುತ್ತಿದ್ದರೆ, ಇನ್ನೊಂದು ಬದಿಯಲ್ಲಿ ಮರಗಳ ತುದಿಗಳು ಕಾಲ ಕೆಳಗೆ ಕಾಣುತ್ತವೆ. ಅಷ್ಟರಲ್ಲಿ ಮುಂದಿನ ಸುರಂಗ ಬಂದಿರುತ್ತದೆ.

ಇಲ್ಲಿ ರಾತ್ರಿ ರೈಲುಗಳೂ ಓಡುತ್ತವೆ. ಟಿಕೆಟ್ ಕಾದಿರಿಸುವಾಗ ಇದನ್ನು ಗಮನಿಸದೆ ಕತ್ತಲೆಯಲ್ಲಿ ಘಟ್ಟ ದಾಟಿ ಬೇಸರಪಡುವವರು ಬಹಳ ಜನ. ಬೆಳಿಗ್ಗೆ ಯಶವಂತಪುರದಿಂದ ಹೊರಟು ಹಾಸನದ ಮೂಲಕ ಬರುವ ಹಗಲು ರೈಲನ್ನೇ ಆರಿಸಿ. 2021ರಿಂದ ಈ ರೈಲುಗಳಿಗೆ ಗಾಜಿನ ಮೇಲ್ಛಾವಣಿ ಮತ್ತು ತಿರುಗುವ ಆಸನಗಳಿರುವ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಗಿದೆ. ಹಿರಿಯರಿಗೆ ಅದು ಸುಖಕರ, ನಿಜ. ಆದರೂ ನನ್ನನ್ನು ಕೇಳಿದರೆ, ತೆರೆಯುವ ಕಿಟಕಿಯಿರುವ ಸಾಮಾನ್ಯ ಆಸನದ ಬೋಗಿಯೇ ಮೇಲು. ಒದ್ದೆ ಮಣ್ಣಿನ ವಾಸನೆಯಾಗಲಿ, ಜಲಪಾತದ ಸದ್ದಾಗಲಿ ಹವಾನಿಯಂತ್ರಿತ ಗಾಜಿನೊಳಗೆ ಬರುವುದಿಲ್ಲ. ಮಕ್ಕಳನ್ನು ಮಾತ್ರ ಬಾಗಿಲ ಬಳಿ ನಿಲ್ಲಲು ಬಿಡಲೇಬೇಡಿ. ಹಳಿಯ ಮೇಲೆ ಚಾರಣ ಹೋಗುವುದು ನಿಷಿದ್ಧ ಮತ್ತು ಅಪಾಯಕರ. ಸುರಂಗದೊಳಗೆ ರೈಲು ಎದುರಾದರೆ ಸರಿಯಲು ಜಾಗ ಸಿಗುವುದು ಕಷ್ಟ.

ಕಾರಿನ ಚಿಂತೆಗೆ ಪರಿಹಾರ ಸುಲಭ. ಒಬ್ಬರು ಶಿರಾಡಿ ಮಾರ್ಗವಾಗಿ ಕಾರನ್ನು ನೆಟ್ಟಣಕ್ಕೆ, ಅಂದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ತರಲಿ, ಉಳಿದವರು ರೈಲಿನಲ್ಲಿ ಬರಲಿ. ಮಂಗಳೂರು ಬಂದರಿನ ಲಾರಿ, ಟ್ಯಾಂಕರ್‌ಗಳು ಸಾಲಾಗಿ ಸಾಗುವ ಆ ಹೆದ್ದಾರಿಯಲ್ಲಿ ವಿಹಾರದ ಸುಖವೇನೂ ಇಲ್ಲ. ನಿಲ್ದಾಣದಿಂದ ಕುಕ್ಕೆ ಸುಮಾರು 12 ಕಿ.ಮೀ. ದೂರ, ದೇವರ ದರ್ಶನ ಮುಗಿಸಿ ರಾತ್ರಿ ಅಲ್ಲೇ ತಂಗಿ.

ಮರುದಿನ ಹತ್ತುವ ದಾರಿಗಳು ಎರಡು. ಸಕಲೇಶಪುರಕ್ಕೆ ಮರಳುವುದಾದರೆ ಬಿಸಿಲೆ ಘಾಟಿ ಹಿಡಿಯಿರಿ. ಕಿರಿದಾದ ದಾರಿ, ದಟ್ಟ ಕಾಡು, ಮೇಲಿನ ವೀಕ್ಷಣಾ ಸ್ಥಳದಿಂದ ಕುಮಾರಪರ್ವತದ ಸಾಲು ಎದುರಿಗೇ ಕಾಣುತ್ತದೆ. ಸಮಯವಿದ್ದರೆ ಟಿಪ್ಪು ಕಟ್ಟಿಸಿದ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯನ್ನೂ ನೋಡಬಹುದು. ಚಿಕ್ಕಮಗಳೂರಿಗೆ ಹೋಗುವವರು ಧರ್ಮಸ್ಥಳ, ಉಜಿರೆ ಮೂಲಕ ಚಾರ್ಮಾಡಿ ಹತ್ತುವುದು ಉತ್ತಮ. ತಿರುವುಗಳು ಹೆಚ್ಚಿರುವುದರಿಂದ ವಾಂತಿಯಾಗುವವರು ಹತ್ತುವ ಮುನ್ನ ಹೊಟ್ಟೆ ತುಂಬ ತಿನ್ನದಿರಲಿ. ಮೇಲೆ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ಸಿಗುತ್ತದೆ. ಅಲ್ಲಿಂದ ಮೂಡಿಗೆರೆ ದಾಟಿದರೆ ಕಾಫಿ ತೋಟಗಳ ನಡುವೆಯೇ ಚಿಕ್ಕಮಗಳೂರು. ಚಿಕ್ಕಮಗಳೂರಿಗೂ ರೈಲಿದೆ, ಆದರೆ 2013ರಲ್ಲಿ ಆರಂಭವಾದ ಆ ಹಳಿ ಕಡೂರಿನಿಂದ ಬರುತ್ತದೆ, ಘಟ್ಟವನ್ನು ಮುಟ್ಟುವುದಿಲ್ಲ.

ಇನ್ನು ತಿಂಗಳ ವಿಚಾರ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಘಟ್ಟ ಅತ್ಯಂತ ಸುಂದರವಾಗಿರುತ್ತದೆ, ಆದರೆ ಗುಡ್ಡ ಕುಸಿಯುವುದೂ ಆಗಲೇ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ರಸ್ತೆ ಕುಸಿದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ರದ್ದಾದವು. ಹಿರಿಯರು, ಮಕ್ಕಳು ಜೊತೆಗಿರುವಾಗ ಆ ತಿಂಗಳುಗಳು ಬೇಡ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಮಳೆ ಇಳಿಮುಖವಾಗಿದ್ದರೂ ಹಳ್ಳಗಳಲ್ಲಿ ನೀರು ಉಳಿದಿರುತ್ತದೆ, ಮಂಜೂ ಬೇಗ ಕರಗುತ್ತದೆ. ನಿಮಗೆ ಅದೇ ಸೂಕ್ತ. ಮಾರ್ಚ್ ಸುಮಾರಿಗೆ ಹೂಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟಗಳೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗುತ್ತವೆ, ಆದರೆ ಆಗ ಜಲಪಾತಗಳು ಸೊರಗಿರುತ್ತವೆ. ಯಾವ ತಿಂಗಳಾದರೂ, ಹಳಿಯ ಕಾಮಗಾರಿಗಾಗಿ ಹಗಲು ರೈಲುಗಳ ವೇಳೆ ಬದಲಾಗುವುದುಂಟು. ವಸತಿಗೆ ಮುಂಗಡ ಕೊಡುವ ಮೊದಲು ರೈಲಿನ ಟಿಕೆಟ್ ಖಚಿತಪಡಿಸಿಕೊಳ್ಳಿ.