ಸೋಂಕು ಹತ್ತಿದ ಮಹಾಪಧಮನಿ ಗ್ರಾಫ್ಟ್: ಕಿತ್ತ ಮೇಲೆ ಹೊಸ ದಾರಿ ಎಲ್ಲಿ?

1951ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಸರ್ಜನ್ ಶಾರ್ಲ್ ದ್ಯೂಬೋ, ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವಾದ ಮಹಾಪಧಮನಿ ಹೊಟ್ಟೆಯಲ್ಲಿ ಉಬ್ಬಿಕೊಂಡಿದ್ದನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಹೊಲಿದದ್ದು ಮೃತ ದಾನಿಯೊಬ್ಬರ ರಕ್ತನಾಳವನ್ನು. ಇಂಥ ನಾಳಗಳು ಕೆಲವೇ ವರ್ಷಗಳಲ್ಲಿ ಸುಣ್ಣಗಟ್ಟಿದವು, ಹಿಗ್ಗಿದವು, ಕೆಲವು ಒಡೆದೂ ಹೋದವು. ಅಷ್ಟರಲ್ಲಿ ನ್ಯೂಯಾರ್ಕ್‌ನ ಆರ್ಥರ್ ವೂರೀಸ್ ವಿನಿಯಾನ್-ಎನ್ ಎಂಬ ಕೃತಕ ಬಟ್ಟೆಯ ಕೊಳವೆ ಹೊಲಿದು ಬಳಸಿದ್ದರು. ಹ್ಯೂಸ್ಟನ್‌ನ ಮೈಕೆಲ್ ಡಿಬೇಕಿ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ಹಿಡಿದು ಹೊಲಿಗೆ ಯಂತ್ರದ ಮುಂದೆ ಕೂತರು. ಬೇಕಾದ ಅಳತೆಗೆ ಸಿಗುವ, ದಶಕಗಟ್ಟಲೆ ಬಾಳುವ ಡೇಕ್ರಾನ್ ಮುಂದೆ ಮನುಷ್ಯರ ನಾಳ ಮೂಲೆಗುಂಪಾಯಿತು. ಆದರೆ ಬಟ್ಟೆಗೆ ಜೀವವಿಲ್ಲ. ಬ್ಯಾಕ್ಟೀರಿಯಾ ಅಂಟಿಕೊಂಡರೆ ಎದುರಿಸಲು ಅದರೊಳಗೆ ರಕ್ತದ ಓಡಾಟವೂ ಇಲ್ಲ, ಬಿಳಿ ರಕ್ತಕಣವೂ ಇಲ್ಲ.

ಹೊಟ್ಟೆ ತೆರೆದು ಕೂರಿಸಿದ ಇಂಥ ಬದಲಿ ಕೊಳವೆಗಳಲ್ಲಿ, ಅಂದರೆ ಗ್ರಾಫ್ಟ್‌ಗಳಲ್ಲಿ, ಸುಮಾರು ನೂರಕ್ಕೆ ಒಂದರಿಂದ ಮೂರಕ್ಕೆ ಸೋಂಕು ಹತ್ತುತ್ತದೆ. ತೊಡೆಸಂದಿನಲ್ಲಿ ಗಾಯ ಮಾಡಿದ್ದರೆ ಅಪಾಯ ಇನ್ನೂ ಹೆಚ್ಚು. ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಂಡರೆ ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಕೈವಾಡ: ಚಳಿಜ್ವರ, ಕೀವು. ವರ್ಷಗಳ ನಂತರ ಬರುವುದು ಅದರದೇ ಕುಲದ, ಚರ್ಮದ ಮೇಲಿನ ಸಾಧು ಜೀವಿ ಎಪಿಡರ್ಮಿಡಿಸ್. ಅದು ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡು ಬಟ್ಟೆಯ ನೇಯ್ಗೆಯೊಳಗೆ ಕೂತಿರುತ್ತದೆ. ಸಣ್ಣ ಜ್ವರ, ತೂಕ ಇಳಿಕೆ, ಬೆನ್ನುನೋವು ಇರಬಹುದು, ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯದೆಯೂ ಇರಬಹುದು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳ ಮೇಲೂ ಸಿಟಿ ಸ್ಕ್ಯಾನ್‌ನಲ್ಲಿ ಗ್ರಾಫ್ಟ್ ಸುತ್ತ ದ್ರವ ಅಥವಾ ಗಾಳಿಗುಳ್ಳೆ ಕಂಡರೆ ಸೋಂಕೆಂದೇ ಶಂಕಿಸಬೇಕು.

ಇನ್ನೊಂದು ರೂಪ ಇದಕ್ಕಿಂತ ಭೀಕರ. ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್ ಗ್ರಾಫ್ಟ್‌ನ ಮೇಲಿನ ಹೊಲಿಗೆಗೆ ತಾಗಿಕೊಂಡೇ ಹಾದುಹೋಗುತ್ತದೆ. ಅಲ್ಲಿ ಸವೆದು ತೂತಾದರೆ ಮೊದಲು ಸ್ವಲ್ಪ ರಕ್ತವಾಂತಿ ಅಥವಾ ಕಪ್ಪು ಮಲ ಆಗಿ ತಾನಾಗಿಯೇ ನಿಲ್ಲುತ್ತದೆ. ಗಂಟೆಗಳ ಅಥವಾ ದಿನಗಳ ಬಳಿಕ ಆಗುವ ಎರಡನೇ ಸ್ರಾವ ಜೀವ ತೆಗೆಯಬಲ್ಲದು. ಎಂಡೋಸ್ಕೋಪ್ ಡುಯೋಡಿನಮ್‌ನ ಕೊನೆಯ ಭಾಗದವರೆಗೂ ಹೋಗಬೇಕು. ಅಲ್ಲೂ ಏನೂ ಕಾಣದಿದ್ದರೆ ತೂತಿಲ್ಲ ಎಂದಲ್ಲ. ಗ್ರಾಫ್ಟ್ ಇರುವ ರೋಗಿಗೆ ಗ್ಯಾಸ್ಟ್ರೈಟಿಸ್ ಎಂದು ಮಾತ್ರೆ ಬರೆದು ಮನೆಗೆ ಕಳಿಸುವುದಕ್ಕಿಂತ ದುಬಾರಿ ತಪ್ಪು ಈ ರೋಗದಲ್ಲಿ ಇನ್ನೊಂದಿಲ್ಲ.

ಸೋಂಕಿನ ಬಟ್ಟೆಯನ್ನು ತೆಗೆಯಬೇಕು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ತೆಗೆದ ಮೇಲೆ ಕಾಲುಗಳಿಗೆ ರಕ್ತ ಹೇಗೆ ತಲುಪಿಸುವುದು ಎಂಬುದೇ ಜಗಳ. 1963ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಬ್ಲೇಸ್ಡೆಲ್ ಮತ್ತು ಹಾಲ್ ಕೊಟ್ಟ ಉತ್ತರ, ಕೊಳೆತ ಜಾಗವನ್ನೇ ಬಿಟ್ಟು ಸುತ್ತುದಾರಿ ಹಿಡಿಯುವುದು. ಕಾಲರ್ ಮೂಳೆಯ ಕೆಳಗೆ ಕಂಕುಳ ಧಮನಿಗೆ 8 ಮಿ.ಮೀ. ಕೊಳವೆ ಹೊಲಿದು, ಪಕ್ಕೆಯ ಚರ್ಮದಡಿ ಇಳಿಸಿ ತೊಡೆಯ ಧಮನಿಗೆ ಜೋಡಿಸುತ್ತಾರೆ. ಆ ಗಾಯಗಳನ್ನು ಮುಚ್ಚಿದ ಮೇಲೆ, ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ ಒಂದೆರಡು ದಿನ ಕಳೆದು, ಹೊಟ್ಟೆ ತೆರೆಯುವುದು. ಈ ಕ್ರಮ ತಲೆಕೆಳಗಾದರೆ ಗ್ರಾಫ್ಟ್ ಕಿತ್ತು ಬೈಪಾಸ್ ಮುಗಿಯುವ ತನಕ ಕಾಲುಗಳು ರಕ್ತವಿಲ್ಲದೆ ಒದ್ದಾಡುತ್ತವೆ.

ಈ ವಿಧಾನದ ದುರ್ಬಲ ಕೊಂಡಿ ಹೊಟ್ಟೆಯೊಳಗೆ ಉಳಿಯುವ ಮಹಾಪಧಮನಿಯ ಮೊಂಡುತುದಿ. ಗಟ್ಟಿ ಗೋಡೆ ಸಿಗುವವರೆಗೆ ಕೆರೆದು, ಪಾಲಿಪ್ರೊಪಿಲೀನ್ ದಾರದಲ್ಲಿ ಎರಡು ಸಾಲು ಹೊಲಿದು, ಮೇಲೆ ಓಮೆಂಟಮ್ ಎಂಬ ಕೊಬ್ಬಿನ ಪರದೆ ಹೊದಿಸುತ್ತಾರೆ. ಆದರೂ ಮೂತ್ರಪಿಂಡದ ಧಮನಿಗಳು ಅಡ್ಡ ಬರುವುದರಿಂದ ಮೇಲಕ್ಕೆ ಕೆರೆಯಲು ಮಿತಿಯಿದೆ. ಸೋಂಕಿನ ಗೋಡೆ ಸ್ವಲ್ಪ ಉಳಿದರೂ ಪ್ರತಿ ನಾಡಿಬಡಿತದ ಪೆಟ್ಟು ಆ ಹೊಲಿಗೆಗೇ ಬೀಳುತ್ತದೆ. ಅದು ಒಡೆದರೆ ಉಳಿಯುವವರು ತೀರಾ ಕಡಿಮೆ. ಇತ್ತ ಉದ್ದನೆಯ ಸುತ್ತುದಾರಿಯ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದಕ್ಕೂ ಸೋಂಕು ತಗಲುತ್ತದೆ.

1993ರಲ್ಲಿ ಡಲ್ಲಾಸ್‌ನ ಕ್ಲ್ಯಾಗೆಟ್, ಬೆಲ್ಜಿಯಂನ ಲ್ಯೂವೆನ್‌ನಲ್ಲಿ ನೆವೆಲ್‌ಸ್ಟೀನ್, ಪ್ಯಾರಿಸ್‌ನಲ್ಲಿ ಕೀಫರ್ ಬೇರೆಬೇರೆಯಾಗಿ ಪ್ರಕಟಿಸಿದ ವರದಿಗಳು ಹಳೆಯ ಜಾಗಕ್ಕೇ ಮರಳಿದವು. ಜಾಗ ಕೊಳೆತಿದ್ದರೂ ಅಲ್ಲಿಯೇ ಹೊಲಿಯಿರಿ, ಬಟ್ಟೆ ಬೇಡ, ಜೀವಿಯ ನಾಳ ಇಡಿ ಎಂಬುದು ತಿರುಳು. ಕೀಫರ್ ಬಳಸಿದ್ದು ದಾನಿಗಳ ಧಮನಿ. ನಲವತ್ತು ವರ್ಷ ಹಿಂದೆ ಸವೆಯುತ್ತದೆಂದು ಬಿಟ್ಟಿದ್ದ ವಸ್ತು, ಸೋಂಕನ್ನು ತಾಳಿಕೊಳ್ಳುತ್ತದೆಂದು ವಾಪಸು ಬಂತು. ಸವೆಯುವ ಗುಣ ಮಾತ್ರ ಹೋಗಿಲ್ಲ.

ಉಳಿದಿಬ್ಬರದು ರೋಗಿಯ ತೊಡೆಯೊಳಗಿನ, ರಕ್ತವನ್ನು ಹೃದಯದ ಕಡೆ ವಾಪಸು ಒಯ್ಯುವ ದೊಡ್ಡ ನಾಳವಾದ ಫೆಮೊರಲ್ ವೇನ್. ಪ್ರೊಫಂಡಾ ಎಂಬ ಆಳದ ವೇನ್ ಅದಕ್ಕೆ ಸೇರುವ ಜಾಗದಲ್ಲಿ ಸರಿಯಾಗಿ ಕತ್ತರಿಸಿ ಪ್ರೊಫಂಡಾವನ್ನು ಉಳಿಸಿದರೆ ಕಾಲಿನ ರಕ್ತ ವಾಪಸಾಗಲು ದಾರಿಯಿರುತ್ತದೆ. ಅಲ್ಲೊಂದು ಮೊಂಡು ಬಿಟ್ಟರೆ ಹೆಪ್ಪುಗಟ್ಟುತ್ತದೆ. ಮತ್ತೆ ಸೋಂಕು ತಗಲುವುದು ಅಪರೂಪ. ಸಾಮರ್ಥ್ಯವಿರುವ ರೋಗಿಗೆ ಇದೇ ಮೇಲು ಎನ್ನಬಹುದು. ಬೆಲೆಯೂ ಇದೆ: ಇಡೀ ದಿನ ಹಿಡಿಯಬಲ್ಲ ಶಸ್ತ್ರಚಿಕಿತ್ಸೆ, ಕಾಲಿನ ಊತ, ಕೆಲವೊಮ್ಮೆ ಸ್ನಾಯುಗಳ ಪೊರೆ ಸೀಳಿ ಒತ್ತಡ ಇಳಿಸುವ ಕೆಲಸ. ರಕ್ತ ಸುರಿಯುತ್ತಿರುವವರಿಗೆ ಅಷ್ಟು ಹೊತ್ತಿಲ್ಲ.

ಅಂಥಲ್ಲಿ ಜೆಲಟಿನ್ ಲೇಪದ ಡೇಕ್ರಾನನ್ನು ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್‌ನಲ್ಲಿ, ಒಂದು ಮಿ.ಲೀ.ಗೆ 60 ಮಿ.ಗ್ರಾಂನಂತೆ, 15ರಿಂದ 30 ನಿಮಿಷ ನೆನೆಸಿ ಬಳಸುವುದುಂಟು. ಎಪಿಡರ್ಮಿಡಿಸ್‌ಗೆ ಇದು ನಡೆಯುತ್ತದೆ. ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಆರಿಯಸ್, ಅಂದರೆ ಎಂಆರ್‌ಎಸ್‌ಎ, ಇದ್ದರೆ ನೆಚ್ಚಿಕೊಳ್ಳಬಾರದು. ದನದ ಹೃದಯದ ಹೊರಪೊರೆಯನ್ನು ಮೇಜಿನ ಮೇಲೇ ಸುತ್ತಿ ಹೊಲಿದ ಕೊಳವೆಯೂ ಈಚೆಗೆ ಬಳಕೆಗೆ ಬಂದಿದೆ.

1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ತೊಡೆಯ ಮೂಲಕ ಸ್ಟೆಂಟ್-ಗ್ರಾಫ್ಟ್, ಅಂದರೆ ಲೋಹದ ಜಾಲರಿಗೆ ಬಟ್ಟೆ ಜೋಡಿಸಿದ ಕೊಳವೆ, ಇಳಿಸಿದ ಮೇಲೆ ಹೊಸ ತೊಡಕು ಸೇರಿತು. ಇಂದಿನ ಅನೇಕ ಸ್ಟೆಂಟ್‌ಗಳ ತುದಿಯ ಕೊಕ್ಕೆಗಳು ಮೂತ್ರಪಿಂಡದ ಧಮನಿಗಳ ಮೇಲೆ ಗೋಡೆಗೆ ಕಚ್ಚಿರುತ್ತವೆ. ಸೋಂಕು ಹತ್ತಿದ್ದನ್ನು ತೆಗೆಯಲು ಜಗ್ಗಿದರೆ ಗೋಡೆ ಹರಿಯುತ್ತದೆ. ಮಹಾಪಧಮನಿಗೆ ಇನ್ನೂ ಮೇಲೆ ಕ್ಲ್ಯಾಂಪ್ ಹಾಕಿ, ಐಸ್‌ನಂಥ ಸಲೈನ್ ಸುರಿದರೆ ಸ್ಟೆಂಟ್‌ನ ನಿಟಿನಾಲ್ ಲೋಹ ಮೆತ್ತಗಾಗುತ್ತದೆ. 20 ಮಿ.ಲೀ. ಸಿರಿಂಜಿನ ಮೂತಿ ಕತ್ತರಿಸಿ, ಆ ಕೊಳವೆಯನ್ನು ಗ್ರಾಫ್ಟ್ ಮೇಲೆ ತಿರುಗಿಸುತ್ತಾ ಮೇಲೆ ತಳ್ಳಿದರೆ ಕೊಕ್ಕೆಗಳು ಒಳಗೆ ಮಡಚಿಕೊಳ್ಳುತ್ತವೆ.

ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ಯಾವ ವಿಧಾನ ಮೇಲೆಂದು ಹೇಳುವ ಯಾದೃಚ್ಛಿಕ ಪ್ರಯೋಗಗಳಿಲ್ಲ, ಆದ್ದರಿಂದ ತಂಡಗಳು ತಮ್ಮ ಕೈ ಪಳಗಿದ್ದನ್ನೇ ಮಾಡುತ್ತವೆ. ಆಂಟಿಬಯಾಟಿಕ್ ಕನಿಷ್ಠ ಆರು ವಾರ, ಹಲವರಿಗೆ ತಿಂಗಳುಗಟ್ಟಲೆ, ಗ್ರಾಫ್ಟ್ ತೆಗೆಯಲಾಗದವರಿಗೆ ಜೀವನಪೂರ್ತಿ. ಕಿತ್ತ ಬಟ್ಟೆಯ ತುಂಡನ್ನೇ ಲ್ಯಾಬ್‌ಗೆ ಕಳಿಸಬೇಕು, ಗಾಯದ ಬಾಯಿಯನ್ನು ಹತ್ತಿಯಲ್ಲಿ ಒರೆಸಿದ ಮಾದರಿ ಸಾಲದು. ಉಡುಪಿ, ಮಣಿಪಾಲದ ಕಡೆಯ ರೋಗಿಯಾಗಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಮಳೆಗಾಲದ ಮಣ್ಣು ನೀರಿನಿಂದ ಬರುವ ಮೆಲಿಯೋಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದೆಂದು ಲ್ಯಾಬ್‌ಗೆ ಮೊದಲೇ ಹೇಳಿರಬೇಕು. ಅದು ಮಹಾಪಧಮನಿಯ ಗೋಡೆಯನ್ನೂ ಕೊಳೆಸಬಲ್ಲದು. ಹೇಳದಿದ್ದರೆ ಆ ಜೀವಿಯನ್ನು ಯಾವುದೋ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಎಂದು ಪಕ್ಕಕ್ಕಿಡುವ ಸಂಭವವಿದೆ.