ಒಂದೇ ರಾತ್ರಿಗೆ ‘ಏಷ್ಯಾ’ ಸಿಗುವುದಿಲ್ಲ

ಪ್ರತಿ ಸಲ ಇದೇ ಆಗುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಟೆಲಿಸ್ಕೋಪ್ ನಿಲ್ಲಿಸಿ, ಇವತ್ತು ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಸಣ್ಣ ಕಲ್ಲುಗ್ರಹ, ತೋರಿಸುತ್ತೇನೆ ಎನ್ನುತ್ತೇನೆ. ಅರ್ಧ ಗಂಟೆ ಸಾಲಿನಲ್ಲಿ ನಿಂತವರು ಎರಡೇ ಸೆಕೆಂಡ್ ನೋಡಿ ತಲೆ ಎತ್ತುತ್ತಾರೆ. “ಮಾಸ್ತರ್ರೇ, ಎಂತದೂ ಇಲ್ಲ. ಬರೀ ಚುಕ್ಕಿ.” ಆಮೇಲೆ ಮೊಬೈಲಿನಲ್ಲಿ ಹೊಂಡ ಬಿದ್ದ ಬಟಾಟೆಯಂಥ ಕಲ್ಲು ತೋರಿಸಿ, “ಹೀಗೆ ಕಾಣ್ಬೇಕು ಅಲ್ವಾ?” ಎನ್ನುತ್ತಾರೆ.

ಇಲ್ಲ. ಅದು ನೌಕೆ ಹತ್ತಿರಕ್ಕೇ ಹೋಗಿ ತೆಗೆದ ಚಿತ್ರ. ನನ್ನ ಎಂಟು ಇಂಚಿನ ಟೆಲಿಸ್ಕೋಪಿಗೆ ಚುಕ್ಕಿಯೇ ಸರಿ.

ನಾನು ಹೆಚ್ಚಾಗಿ ತೋರಿಸುವುದು 67ನೇ ಕ್ಷುದ್ರಗ್ರಹ ‘ಏಷ್ಯಾ’. ಮಂಗಳ ಮತ್ತು ಗುರುವಿನ ನಡುವೆ ಇಂಥವು ಗುಂಪಾಗಿ ಸುತ್ತುವ ಮುಖ್ಯ ಪಟ್ಟಿಯದು. 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿ ನಾರ್ಮನ್ ಪೋಗ್ಸನ್ ಇದನ್ನು ಕಂಡುಹಿಡಿದರು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು, ಅದಕ್ಕೇ ಆ ಹೆಸರು. ಅಗಲ ಸುಮಾರು 60 ಕಿ.ಮೀ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟು. ಕಲ್ಲಿನ ಜಾತಿಯದು. ಸುಮಾರು 16 ಗಂಟೆಗೆ ಒಮ್ಮೆ ತನ್ನ ಸುತ್ತ ತಿರುಗುತ್ತದೆ, ಸೂರ್ಯನನ್ನು ಸುತ್ತಲು 3.77 ವರ್ಷ ಬೇಕು.

ಅಷ್ಟು ದೊಡ್ಡದು ಚುಕ್ಕಿ ಯಾಕೆ? ದೂರ. ತೀರಾ ಹತ್ತಿರ ಬಂದಾಗಲೂ ಅದು ನಮ್ಮಿಂದ 14 ಕೋಟಿ ಕಿ.ಮೀ.ಗಿಂತ ಆಚೆ ಇರುತ್ತದೆ. ಕುಮಟಾದಲ್ಲಿ ಯಾರೋ ಒಂದು ರೂಪಾಯಿ ನಾಣ್ಯ ಎತ್ತಿ ಹಿಡಿದಿದ್ದಾರೆ, ನೀವು ಕಾರವಾರದಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಗಾತ್ರ.

ಹಾಗಾದರೆ ನಕ್ಷತ್ರಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ನಾನು ಬಾಯಿ ನೋಯುವಷ್ಟು ಹೇಳುವ ಮಾತು ಇದೊಂದೇ. ಕ್ಷುದ್ರಗ್ರಹದ ಗುರುತು ಅದರ ಆಕಾರದಲ್ಲಿಲ್ಲ, ನಡಿಗೆಯಲ್ಲಿದೆ. ಇವತ್ತು ಸುತ್ತಲಿನ ಚುಕ್ಕಿಗಳನ್ನೆಲ್ಲ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ನಾಳೆ ಮತ್ತೆ ನೋಡಿ. ಜಾಗ ಬಿಟ್ಟದ್ದು ಯಾವುದೋ ಅದು. ಒಳ್ಳೆಯ ಸಮಯದಲ್ಲಿ ಏಷ್ಯಾ ಒಂದು ದಿನಕ್ಕೆ ಚಂದ್ರನ ಅರ್ಧ ಅಗಲದಷ್ಟು ಸರಿಯುತ್ತದೆ. ಪೋಗ್ಸನ್ ಕಾಲದಲ್ಲೂ ಇದೇ ದಾರಿ: ಕಣ್ಣು, ನಕ್ಷೆ, ತಾಳ್ಮೆ. ಫೋಟೋದಿಂದ ಮೊದಲ ಕ್ಷುದ್ರಗ್ರಹ ಸಿಕ್ಕಿದ್ದು 1891ರಲ್ಲಿ. ಈಗ ಕಂಪ್ಯೂಟರ್ ಮಾಡುವುದೂ ಮೂಲದಲ್ಲಿ ಇದೇ ಹೋಲಿಕೆ.

ಬೈತಖೋಲಿನ ಮೀನುಗಾರರೊಬ್ಬರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಅವರೇ ಕಡಲಿನತ್ತ ಕೈ ತೋರಿಸಿದರು. “ಅಲ್ಲಿ ದೀಪ ಎಷ್ಟಿವೆ ನೋಡಿ. ಲಂಗರು ಹಾಕಿದ್ದು ಯಾವುದು, ಹೋಗ್ತಾ ಇರೋದು ಯಾವುದು, ಈಗ ಹೇಳೋಕೆ ಬರೋದಿಲ್ಲ. ದೇವಗಡದ ಲೈಟ್‌ಹೌಸ್ ಗುರುತಿಗೆ ಇಟ್ಕೊಂಡು ಸ್ವಲ್ಪ ಹೊತ್ತು ಬಿಟ್ಟು ನೋಡ್ಬೇಕು.” ಅಂದಿನಿಂದ ನಾನು ಎಲ್ಲರಿಗೂ ಹೀಗೇ ಹೇಳಿಕೊಡುತ್ತೇನೆ.

ಒಂದು ಎಚ್ಚರಿಕೆ. ಕೆಲವು ವಾರ ಅದು ನಿಂತೇಬಿಟ್ಟಂತೆ ಕಾಣುತ್ತದೆ, ಆಗ ಎರಡು ರಾತ್ರಿ ಸಾಲದು. ಇನ್ನು ಚುಕ್ಕಿ ಸರಿದದ್ದು ಕಂಡ ಕೂಡಲೇ ‘ಹೊಸದು ಹಿಡಿದೆ’ ಎನ್ನಬೇಡಿ. ಈಗಾಗಲೇ ಹತ್ತು ಲಕ್ಷಕ್ಕೂ ಜಾಸ್ತಿ ಲೆಕ್ಕಕ್ಕೆ ಸಿಕ್ಕಿವೆ. ಮತ್ತೆ, ‘ಕ್ಷುದ್ರ’ ಎಂದರೆ ಇಲ್ಲಿ ಸಣ್ಣದು ಅಷ್ಟೇ. ಸುಮ್ನೆ ಹೆದರಿ ಶಾಂತಿ ಮಾಡಿಸಬೇಕಿಲ್ಲ. ಏಷ್ಯಾ ನಮ್ಮ ದಾರಿಗೆ ಅಡ್ಡ ಬರುವುದೇ ಇಲ್ಲ.

ಶಿರಸಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹನ್ನೊಂದು ಚುಕ್ಕಿ ಇಟ್ಟುಕೊಂಡು ಹೋಗಿದ್ದಳು. ಯಾವುದು ಏಷ್ಯಾ ಎಂದು ನಾನು ಬೇಕೆಂತಲೇ ಹೇಳಿರಲಿಲ್ಲ. ಮರುದಿನ ಮೋಡ. ಮೂರನೇ ರಾತ್ರಿ ಬಂದಳು. ಒಂದು ಕಣ್ಣು ಟೆಲಿಸ್ಕೋಪಿಗೆ, ಆಮೇಲೆ ಕೆಂಪು ಟಾರ್ಚಿನಡಿ ಪುಟಕ್ಕೆ, ಮತ್ತೆ ಟೆಲಿಸ್ಕೋಪಿಗೆ. ಪೆನ್ಸಿಲ್ ಏಳನೇ ಚುಕ್ಕಿಯ ಮೇಲೆ ನಿಂತಿತು. “ಸರ್, ಇಲ್ಲಿದ್ದದ್ದು ಇಲ್ಲಿಲ್ಲ!” ರಸ್ತೆಯಲ್ಲಿ ಅವಳ ಅಪ್ಪ ಬೈಕ್ ಸ್ಟಾರ್ಟ್ ಮಾಡಿ ಕರೆಯುತ್ತಿದ್ದರು. ಅವಳು ಹಳೆಯ ಚುಕ್ಕಿಗೆ ಸುತ್ತು ಹಾಕಿ, ಹೊಸ ಜಾಗ ಹುಡುಕುತ್ತ ಮತ್ತೆ ಬಗ್ಗಿದಳು.