ಲೋಮಿಲೋಮಿ: ಹವಾಯಿಯ ಮಾಲೀಶು, ಅದರ ಹಿಂದಿನ ಪ್ರಾರ್ಥನೆ

ಲೋಮಿಲೋಮಿ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ರೆಸಾರ್ಟ್ ಫೋಟೊಗಳು. ಸಮುದ್ರ, ಕಿವಿಯಲ್ಲಿ ಹೂವು, ಬೆನ್ನ ಮೇಲೆ ಎಣ್ಣೆ. ಈ ಚಿತ್ರ ತಲೆಯಲ್ಲಿಟ್ಟುಕೊಂಡು ಓದಲು ಕೂತರೆ ವಿಷಯ ಅರ್ಧವೂ ಹಿಡಿಯುವುದಿಲ್ಲ. ಹಳೇ ಹವಾಯಿಯಲ್ಲಿ ಮೈ ಒತ್ತುವುದು ಬೇರೆಯೇ ಒಂದು ವಿದ್ಯೆಯಾಗಿ ನಿಂತಿರಲಿಲ್ಲ. ಪ್ರಾರ್ಥನೆ, ಗಿಡಮೂಲಿಕೆ, ಮನೆಯೊಳಗಿನ ಜಗಳ ಬಿಡಿಸುವುದು, ಇವೆಲ್ಲದರ ಜೊತೆ ಹೆಣೆದುಕೊಂಡಿತ್ತು. ಮುಂದೆ ಇತಿಹಾಸ ಈ ಹೆಣಿಗೆಯನ್ನು ಬಿಚ್ಚಿತು. ಕೈಚಳಕ ಉಳಿಯಿತು, ಪ್ರಾರ್ಥನೆ ಅಡಗಿ ಕೂತಿತು. ಈ ಟಿಪ್ಪಣಿಯನ್ನು ಅದೇ ಜಾಡಿನಲ್ಲಿ ಬರೆದಿದ್ದೇನೆ.

ಹಿನ್ನೆಲೆ, ಚುಟುಕಾಗಿ

ಹವಾಯಿ ದ್ವೀಪಗಳಿಗೆ ಪಾಲಿನೇಷ್ಯದ, ಅಂದರೆ ಪೆಸಿಫಿಕ್ ಸಾಗರದ ದ್ವೀಪಗಳ ಜನ ದೋಣಿಯಲ್ಲಿ ಬಂದು ನೆಲೆಸಿದ್ದು ಸುಮಾರು 800ರಿಂದ 1000 ವರ್ಷಗಳ ಹಿಂದೆ. ಮೈ ಒತ್ತುವ ವಿದ್ಯೆ ಅವರ ಜೊತೆಯಲ್ಲೇ ಬಂದಿರಬೇಕು. ಯಾಕೆಂದರೆ ಸಮೋವಾ, ತಹೀಟಿಗಳಲ್ಲೂ ಇದರ ಅಣ್ಣತಮ್ಮಂದಿರು ಇದ್ದಾರೆ. ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಬರೆದಿಟ್ಟ ದಿನಚರಿ. 1777ರಲ್ಲಿ ಅವನು ತಹೀಟಿಯಲ್ಲಿದ್ದಾಗ ಸೊಂಟದಿಂದ ಪಾದದವರೆಗೆ ನೋವು ಹಿಡಿದುಕೊಂಡಿತು. ಅಲ್ಲಿನ ದೊರೆ ತೂ ಎಂಬುವನ ತಾಯಿ, ಅಕ್ಕತಂಗಿಯರು, ಇನ್ನೂ ಕೆಲವರು, ಒಟ್ಟು ಹನ್ನೆರಡು ಹೆಂಗಸರು ಹಡಗಿಗೇ ಬಂದರು. ಕುಕ್‌ನನ್ನು ನಡುವೆ ಮಲಗಿಸಿ, ತಲೆಯಿಂದ ಕಾಲಿನವರೆಗೆ ಮೂಳೆ ಲಟಲಟ ಎನ್ನುವ ಹಾಗೆ ಹಿಸುಕಿದರು. ಕಾಲು ಗಂಟೆ ಕಳೆದ ಮೇಲೆ ಬಿಟ್ಟರೆ ಸಾಕಪ್ಪ ಅನ್ನಿಸಿತಂತೆ. ಆದರೆ ನೋವು ಇಳಿದಿತ್ತು! ನಾಲ್ಕು ಸಲ ಮಾಡಿಸಿಕೊಂಡ ಮೇಲೆ ಪೂರ್ತಿ ಹೋಯಿತು. ಇದು ನಡೆದದ್ದು ತಹೀಟಿಯಲ್ಲಿ, ಹವಾಯಿಯಲ್ಲಲ್ಲ. ಕುಕ್ ಹವಾಯಿ ತಲುಪಿದ್ದು ಮರುವರ್ಷ, 1778ರಲ್ಲಿ. ಕೆಲವು ಕಡೆ ಎರಡನ್ನೂ ಕಲಸಿ ಬರೆದಿರುತ್ತಾರೆ, ನೋಡಿಕೊಳ್ಳಿ.

ಬೇರು ಎಲ್ಲಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಇದೇ ಮುಖ್ಯ ಭಾಗ.

ಹವಾಯಿಯ ಹಳೇ ನಂಬಿಕೆಯಲ್ಲಿ ‘ಮನಾ’ ಎಂಬ ಶಕ್ತಿ ಜನರಲ್ಲಿ, ಕಲ್ಲಿನಲ್ಲಿ, ಮಾತಿನಲ್ಲಿ, ಜಾಗದಲ್ಲಿ ಎಲ್ಲ ಕಡೆ ಇರುತ್ತದೆ. ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಕೆಲವರು ಗಳಿಸುತ್ತಾರೆ, ತಪ್ಪು ಮಾಡಿದರೆ ಕಳೆದುಕೊಳ್ಳುತ್ತಾರೆ. ಅದನ್ನು ಕಾಪಾಡುವ ಕಟ್ಟುಪಾಡುಗಳ ಹೆಸರು ‘ಕಪು’. ಮನೆತನದ ಹಿರಿಯರು ಸತ್ತ ಮೇಲೆ ‘ಔಮಾಕುವಾ’ ಎಂಬ ಕುಲದೈವಗಳಾಗುತ್ತಾರೆ. ಶಾರ್ಕ್, ಗೂಬೆ, ಹಲ್ಲಿಯಂಥ ರೂಪದಲ್ಲಿ ಬಂದು ಕಾಯುತ್ತಾರೆ, ಎಚ್ಚರಿಸುತ್ತಾರೆ, ಕೆಲವೊಮ್ಮೆ ಶಿಕ್ಷೆಯನ್ನೂ ಕೊಡುತ್ತಾರೆ.

ಹೀಗಿರುವಾಗ ಕಾಯಿಲೆ ಬಂತೆಂದರೆ ಬರೀ ಮೈ ಕೆಟ್ಟಿದೆ ಎಂದು ಬಿಡುವ ಹಾಗಿಲ್ಲ. ಯಾರ ಮೇಲಾದರೂ ಸಿಟ್ಟು ಇಟ್ಟುಕೊಂಡಿದ್ದೀಯಾ? ಕಪು ಮುರಿದೆಯಾ? ಮನೆಯಲ್ಲಿ ಮಾತು ಬಿಟ್ಟವರಿದ್ದಾರಾ? ವೈದ್ಯನ ಮೊದಲ ಪ್ರಶ್ನೆಗಳು ಇಂಥವೇ. ಭಾವನೆ, ತಿಳಿವಳಿಕೆ ಎರಡಕ್ಕೂ ಜಾಗ ಹೊಟ್ಟೆಯೊಳಗಿನ ಕರುಳು ಎಂದು ಅವರು ನಂಬಿದ್ದರು. ಲೋಮಿಲೋಮಿಯಲ್ಲಿ ಹೊಟ್ಟೆ ಒತ್ತುವುದಕ್ಕೆ ಅಷ್ಟು ಮಹತ್ವ ಯಾಕೆ ಎನ್ನುವುದು ಇದರಿಂದ ತಿಳಿಯುತ್ತದೆ.

ಇನ್ನೊಂದು ವಿಚಾರ ‘ಪಿಕೊ’. ದೇಹದಲ್ಲಿ ಮೂರು ಪಿಕೊ ಎಂದು ಹೇಳುತ್ತಾರೆ. ನೆತ್ತಿ ಹಿರಿಯರ ಕಡೆಗಿನ ಕೊಂಡಿ. ಹೊಕ್ಕುಳು ತಾಯಿ ಕಡೆಗಿನದ್ದು. ಜನನಾಂಗ ಮುಂದಿನ ಪೀಳಿಗೆಯ ಕಡೆಗಿನದ್ದು. ಒಬ್ಬ ಮನುಷ್ಯನ ಮೈ ಮುಟ್ಟಿದರೆ ಹಿಂದಿನವರನ್ನೂ ಮುಂದಿನವರನ್ನೂ ಮುಟ್ಟಿದ ಹಾಗೆ. ಈ ಎಳೆ ಬಿಟ್ಟರೆ ಪ್ರಾರ್ಥನೆ ಸುಮ್ನೆ ಅಲಂಕಾರದ ಹಾಗೆ ಕಾಣುತ್ತದೆ.

ಯಾರು ಮಾಡುತ್ತಿದ್ದರು, ಹೇಗೆ

ಯಾವುದೇ ವಿದ್ಯೆಯಲ್ಲಿ ಪಳಗಿದವರನ್ನು ‘ಕಹುನಾ’ ಎನ್ನುತ್ತಿದ್ದರು. ದೋಣಿ ಕೆತ್ತುವವನೂ ಕಹುನಾ, ಪೂಜೆ ಮಾಡುವವನೂ ಕಹುನಾ. ವೈದ್ಯದಲ್ಲೂ ಒಳವಿಭಾಗಗಳಿದ್ದವು. ಗಿಡಮೂಲಿಕೆಯವರು ಲಾಔ ಲಪಾಔ. ಮುಟ್ಟಿ ನೋಡಿ ರೋಗ ಹೇಳುವವರು ಹಾಹಾ. ಮಾತಿನಿಂದ, ಮಂತ್ರದಿಂದ ಮುರಿದ ಮೂಳೆಯನ್ನು ವಾಸಿ ಮಾಡುವವರು ಲಾಔ ಕಹೇಯಾ. ಇವರ ನಡುವೆ ಲೋಮಿಲೋಮಿಯವರು. ಹಾಹಾ ಕಲಿಸುವ ರೀತಿ ನನಗೆ ತುಂಬಾ ಹಿಡಿಸಿತು. ನೆಲದ ಮೇಲೆ ಬೆಣಚುಕಲ್ಲುಗಳನ್ನು ಮನುಷ್ಯನ ಆಕಾರದಲ್ಲಿ ಜೋಡಿಸಿ, ಯಾವ ಜಾಗದಲ್ಲಿ ಯಾವ ಕಾಯಿಲೆ ಹೇಗೆ ಕೈಗೆ ಸಿಗುತ್ತದೆ ಎಂದು ಗುರು ಹೇಳಿಕೊಡುತ್ತಿದ್ದ. ಇದನ್ನು ದಾಖಲಿಸಿದವರು 19ನೇ ಶತಮಾನದ ಹವಾಯಿ ಇತಿಹಾಸಕಾರ ಸ್ಯಾಮ್ಯುಯೆಲ್ ಕಮಕಾವ್. ಅವರು ಹವಾಯಿ ಭಾಷೆಯ ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ಹಾಗಾಗಿ ಒಳಗಿನವರ ದನಿ ನಮಗೆ ಸಿಗುತ್ತದೆ.

ಚಿಕಿತ್ಸೆ ಶುರುವಾಗುವುದು ‘ಪುಲೆ’ಯಿಂದ, ಅಂದರೆ ಪ್ರಾರ್ಥನೆಯಿಂದ. ಮುಗಿಯುವುದೂ ಅದರಿಂದಲೇ. ಗಿಡ ಕೀಳುವಾಗಲೂ ಪ್ರಾರ್ಥನೆ ಇತ್ತು. ಬಲಗೈಯಿಂದ ಕಿತ್ತರೆ ಕೂ ದೇವರಿಗೆ, ಎಡಗೈಯಿಂದ ಕಿತ್ತರೆ ಹಿನಾ ದೇವಿಗೆ. ವೈದ್ಯಕ್ಕೆಂದೇ ಮೀಸಲಾದ ಕಲ್ಲುಕಟ್ಟೆಯ ದೇಗುಲಗಳೂ ಇದ್ದವು. ಓಹು ದ್ವೀಪದ ಐಯೇಯಾದಲ್ಲಿರುವ ಕೆಯೈವಾ ಹೇಯಿಯಾವ್ ಅಂಥದ್ದು. ಸುತ್ತ ಮೂಲಿಕೆ ಬೆಳೆಯುತ್ತಿದ್ದರು, ಶಿಷ್ಯರು ಅಲ್ಲಿ ಕಲಿಯುತ್ತಿದ್ದರು ಎಂದು ಪರಂಪರೆ ಹೇಳುತ್ತದೆ.

ಮನೆಯ ಜಗಳವೇ ರೋಗದ ಮೂಲ ಅನ್ನಿಸಿದರೆ ‘ಹೋಓಪೊನೊಪೊನೊ’. ಕುಟುಂಬದವರೆಲ್ಲ ಕೂರುತ್ತಾರೆ, ಒಬ್ಬ ಹಿರಿಯ ನಡೆಸುತ್ತಾನೆ. ಪ್ರಾರ್ಥನೆ ಆಗುತ್ತದೆ. ತೊಂದರೆ ಏನೆಂದು ಹೇಳುತ್ತಾರೆ. ಒಂದೊಂದೇ ಪದರ ಬಿಡಿಸುತ್ತಾ ಹೋಗುತ್ತಾರೆ. ಮಾತು ಬಿಸಿಯಾದರೆ ಹಿರಿಯ ಎಲ್ಲರನ್ನೂ ಸುಮ್ಮನಿರಿಸುತ್ತಾನೆ. ತಪ್ಪು ಒಪ್ಪಿಕೊಂಡು, ಕ್ಷಮಿಸಿ, ಒಬ್ಬರನ್ನೊಬ್ಬರು ಆ ಗಂಟಿನಿಂದ ಬಿಟ್ಟುಕೊಡುತ್ತಾರೆ. ಕೊನೆಗೆ ಒಟ್ಟಿಗೆ ಊಟ. ಇದು ಆಗದೆ ಮೈ ಒತ್ತಿ ಏನು ಪ್ರಯೋಜನ ಎನ್ನುವುದು ಅವರ ನಿಲುವು.

ಇನ್ನು ಕೈಕೆಲಸ. ಅಂಗೈ, ಬೆರಳು, ಮೊಣಕೈ, ಮುಂಗೈ ಎಲ್ಲ ಬಳಸುತ್ತಿದ್ದರು. ಬೆನ್ನ ಮೇಲೆ ನಡೆಯುವುದೂ ಇತ್ತು, ಆ ಕೆಲಸಕ್ಕೆ ಮಕ್ಕಳು ಸರಿ. ಬಿಸಿ ಮಾಡಿದ ಕಲ್ಲು, ತನ್ನ ಬೆನ್ನನ್ನು ತಾನೇ ಒತ್ತಿಕೊಳ್ಳಲು ಕೊಕ್ಕೆಯಂಥ ಮರದ ಕೋಲು, ಕುಕುಯಿ ಕಾಯಿಯ ಎಣ್ಣೆ, ಕೊಬ್ಬರಿ ಎಣ್ಣೆ, ಸಮುದ್ರದ ಉಪ್ಪು, ಟೀ ಗಿಡದ ಎಲೆ. ಈ ಟೀ ಚಹಾ ಅಲ್ಲ, ಅಗಲ ಎಲೆಯ ಬೇರೆ ಗಿಡ. ಸೂಲಗಿತ್ತಿಯರಿಗೂ ಲೋಮಿಲೋಮಿ ಬೇಕಿತ್ತು. ಹುಟ್ಟಿದ ಮಗುವಿನ ಕೈಕಾಲು, ಮೂಗು, ಬೆರಳು ತಿದ್ದಿ ನೀವುವ ಕೆಲಸ ಅಜ್ಜಿಯದ್ದು. ನಮ್ಮ ಬಾಣಂತಿ ಕೋಣೆಯಲ್ಲಿ ಎಣ್ಣೆ ಹಚ್ಚಿ ಮಗುವಿನ ಮೂಗು ತೀಡುವ ಅಜ್ಜಿಯನ್ನು ನೆನೆಸಿಕೊಂಡರೆ ಸಾಕು. ‘ಲೂಆ’ ಎಂಬ ಯುದ್ಧವಿದ್ಯೆಯ ಗುರುಗಳಿಗೂ ಇದು ಗೊತ್ತಿರಬೇಕಿತ್ತು. ಕೀಲು ತಪ್ಪಿಸಲು ಕಲಿತವನು ಕೂರಿಸಲೂ ಕಲಿಯಬೇಕಲ್ವಾ?

ಮುಖಂಡರ ಮನೆಗಳಲ್ಲಿ ಮಾತ್ರ ಇದು ದಿನದ ಸುಖವೂ ಆಗಿತ್ತು. ಹೊಟ್ಟೆ ತುಂಬ ಉಂಡ ಮೇಲೆ ಒತ್ತಿಸಿಕೊಳ್ಳುತ್ತಿದ್ದರು. ಅಮೆರಿಕದ ಪತ್ರಕರ್ತ ಚಾರ್ಲ್ಸ್ ನಾರ್ಡಾಫ್ 1870ರ ದಶಕದಲ್ಲಿ ಹವಾಯಿ ಸುತ್ತಿ, ದಣಿದ ಪ್ರಯಾಣಿಕನಿಗೆ ಲೋಮಿಲೋಮಿ ಎಂಥ ಹಿತ ಎಂದು ವಿವರವಾಗಿ ಬರೆದ. ಅವನ ಬರಹದಲ್ಲಿ ಕಾಣುವುದು ಅತಿಥಿ ಸತ್ಕಾರ. ಹೊರಗಿನವರ ಕಣ್ಣಿಗೆ ಬಿದ್ದದ್ದು ಈ ಮುಖ, ಕೊನೆಗೆ ರೆಸಾರ್ಟ್‌ಗೆ ಹೋದದ್ದೂ ಇದೇ ಮುಖ.

ಎಳೆ ಹರಿದದ್ದು

1819ರಲ್ಲಿ ಹವಾಯಿಯ ದೊರೆ ಒಂದನೇ ಕಮೆಹಮೆಹ ಸತ್ತ. ಅದೇ ವರ್ಷ ಅವನ ಪತ್ನಿಯರಾದ ಕಾಅಹುಮನು, ಕೆಯೊಪುಒಲನಿ ಇಬ್ಬರೂ ಸೇರಿ ಹೊಸ ದೊರೆ ಲಿಹೋಲಿಹೋನನ್ನು ಹೆಂಗಸರ ಜೊತೆ ಊಟಕ್ಕೆ ಕೂರಿಸಿದರು. ಗಂಡಸರು ಹೆಂಗಸರು ಒಟ್ಟಿಗೆ ಉಣ್ಣಬಾರದು ಎನ್ನುವುದು ದೊಡ್ಡ ಕಪು. ಅದು ಮುರಿದದ್ದೇ ಇಡೀ ಕಪು ವ್ಯವಸ್ಥೆ ಬಿತ್ತು. ದೇಗುಲಗಳನ್ನು ಕೆಡವಲು ಆಜ್ಞೆಯಾಯಿತು. ಕ್ರೈಸ್ತ ಮಿಷನರಿಗಳು ಬಂದದ್ದು 1820ರಲ್ಲಿ, ಅಂದರೆ ಇದಾದ ಮೇಲೆ. ಎಲ್ಲವನ್ನೂ ಮಿಷನರಿಗಳೇ ಮುರಿದರು ಎಂದು ಬರೆದರೆ ತಪ್ಪಾಗುತ್ತದೆ. ಆದರೆ ಕಹುನಾ ಎಂದರೆ ಮಾಟಗಾರ ಎನ್ನುವ ಕೆಟ್ಟ ಹೆಸರು ಗಟ್ಟಿಯಾದದ್ದು ಅವರ ಕಾಲದಲ್ಲಿ.

ಇದಕ್ಕಿಂತ ದೊಡ್ಡ ಪೆಟ್ಟು ರೋಗಗಳದ್ದು. ದಡಾರ, ಸಿಡುಬು, ಗುಹ್ಯರೋಗ, ಕುಷ್ಠ ಹೊರಗಿನಿಂದ ಬಂದವು. ಕುಕ್ ಬಂದಾಗ ಜನ ಎಷ್ಟಿದ್ದರು ಎಂಬ ಅಂದಾಜುಗಳು ಒಂದು ಲಕ್ಷದಿಂದ ಎಂಟು ಲಕ್ಷದವರೆಗೆ ಹರಡಿವೆ. 1890ರ ಗಣತಿಯಲ್ಲಿ ಮಿಶ್ರ ಸಂತಾನವೂ ಸೇರಿ ಉಳಿದವರು ಸುಮಾರು 40 ಸಾವಿರ. ಕಲಿಸುವ ಗುರುವೂ ಸತ್ತ, ಕಲಿಯುವ ಹುಡುಗನೂ ಸತ್ತ. ಇದನ್ನು ಕಂಡೇ 1860ರ ದಶಕದಲ್ಲಿ ಮಾವಿ ದ್ವೀಪದ ವೈಲುಕುವಿನಲ್ಲಿ ಹವಾಯಿಯವರು ಸಂಘ ಕಟ್ಟಿ, ಉಳಿದಿದ್ದ ವೈದ್ಯರನ್ನು ಮಾತಾಡಿಸಿ ಅವರ ಪದ್ಧತಿ ಬರೆದಿಟ್ಟರು.

1893ರಲ್ಲಿ ರಾಣಿ ಲಿಲಿಉಒಕಲನಿಯನ್ನು ಪದಚ್ಯುತಗೊಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಭಾಷೆ ಮಾಡಿತು. 1898ರಲ್ಲಿ ಹವಾಯಿ ಅಮೆರಿಕದ ಪಾಲಾಯಿತು. ಮಸಾಜಿನ ಇತಿಹಾಸಕ್ಕೆ ಶಾಲೆಯ ಭಾಷೆ ಯಾಕೆ ಬೇಕು ಅನ್ನಿಸಬಹುದು. ಪ್ರಾರ್ಥನೆಗಳೆಲ್ಲ ಹವಾಯಿ ಭಾಷೆಯಲ್ಲಿದ್ದವು. ಅಜ್ಜ ಹೇಳಿದ್ದು ಮೊಮ್ಮಗನಿಗೆ ಅರ್ಥವಾಗದಿದ್ದರೆ ಕೈ ಚಲನೆ ದಾಟುತ್ತದೆ, ಪುಲೆ ದಾಟುವುದಿಲ್ಲ. ನನ್ನ ಲೆಕ್ಕದಲ್ಲಿ ಕಪು ಬಿದ್ದ 1819ಕ್ಕಿಂತ ಜಾಸ್ತಿ ಹಾನಿ ಮಾಡಿದ್ದು 1896.

ಮನೆಯಿಂದ ಹೊರಗೆ

ವಿದ್ಯೆ ಪೂರ್ತಿ ಸಾಯಲಿಲ್ಲ. ಮನೆಗಳೊಳಗೆ ಉಳಿಯಿತು. ರಕ್ತಸಂಬಂಧಿಗೆ ಮಾತ್ರ ಕಲಿಸುತ್ತಿದ್ದರು, ಅದೂ ಹಿರಿಯರು ಆರಿಸಿದ ಮಗುವಿಗೆ. ಸಾಯುವ ಮುಂಚೆ ಗುರು ಶಿಷ್ಯನ ಬಾಯಿಗೆ ಉಸಿರು ಊದಿ ಮನಾ ದಾಟಿಸುವ ಪದ್ಧತಿಯೂ ದಾಖಲಾಗಿದೆ.

ಈ ಬಾಗಿಲನ್ನು ತೆರೆದವರಲ್ಲಿ ದೊಡ್ಡ ಹೆಸರು ಮಾರ್ಗರೆಟ್ ಮಚಾಡೊ. ಎಲ್ಲರಿಗೂ ಆಂಟಿ ಮಾರ್ಗರೆಟ್. 1916ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಕಲಿತದ್ದು ತಾತನಿಂದ. ದೊಡ್ಡ ದ್ವೀಪದ (ಅದರ ಹೆಸರೂ ಹವಾಯಿಯೇ) ಕೆಯೆಯಿ ಎಂಬ ಕಡಲತೀರದ ಮನೆಯಲ್ಲಿ 1970ರ ದಶಕದಿಂದ ಹೊರಗಿನವರಿಗೂ ಕಲಿಸಿದರು. ಅದು ಕುಕ್ ಸತ್ತ ಕೆಯಲಕೆಕುವಾ ಕೊಲ್ಲಿಯ ಪಕ್ಕದ ಊರು. ಅವರು ಭಕ್ತಿಯ ಕ್ರೈಸ್ತರು. ಪ್ರಾರ್ಥನೆ ಇಲ್ಲದೆ ಕೈ ಇಡುತ್ತಿರಲಿಲ್ಲ, ಆದರೆ ಆ ಪ್ರಾರ್ಥನೆ ಏಸುವಿನ ದೇವರಿಗೆ. ಇದನ್ನು ಕಲಬೆರಕೆ ಎನ್ನಬೇಕಾ? ನನಗೆ ಹಾಗನ್ನಿಸುವುದಿಲ್ಲ. ದೇವರ ಹೆಸರು ಬದಲಾಯಿತು, ಪ್ರಾರ್ಥನೆಯ ಜಾಗ ಬದಲಾಗಲಿಲ್ಲ.

ಕಾಲವೂ ಕೂಡಿಬಂತು. 1976ರಲ್ಲಿ ಹೋಕುಲೇಯ ದೋಣಿ ಉಪಕರಣಗಳಿಲ್ಲದೆ ನಕ್ಷತ್ರ ನೋಡಿಕೊಂಡು ತಹೀಟಿ ತಲುಪಿತು. 1978ರಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ ಮರಳಿತು. ಹಳೇ ವಿದ್ಯೆಗಳ ಬಗ್ಗೆ ನಾಚಿಕೆ ಹೋಗಿ ಹೆಮ್ಮೆ ಬಂತು.

ಹಳೆಯದು ಯಾವುದು, ಹೊಸದು ಯಾವುದು

ಓದುವಾಗ ಎಚ್ಚರ ಬೇಕಾದ್ದು ಇಲ್ಲಿ. ‘ಹುನಾ’ ಎಂಬ ರಹಸ್ಯ ತತ್ವದ ಬಗ್ಗೆ ಎಲ್ಲೆಡೆ ಸಿಗುತ್ತದೆ. ಅದು 1930ರ ದಶಕದಲ್ಲಿ ಮ್ಯಾಕ್ಸ್ ಫ್ರೀಡಂ ಲಾಂಗ್ ಎಂಬ ಅಮೆರಿಕನ್ ಕಟ್ಟಿದ್ದು. ಹವಾಯಿ ವಿದ್ವಾಂಸರು ಅದನ್ನು ತಮ್ಮದೆಂದು ಒಪ್ಪುವುದಿಲ್ಲ. ‘ದೇಗುಲ ಶೈಲಿ’ ಎನ್ನುವ, ನೃತ್ಯದಂತೆ ಸುತ್ತ ಹೆಜ್ಜೆ ಹಾಕುತ್ತಾ ಮುಂಗೈಯಿಂದ ಉದ್ದಕ್ಕೆ ನೀವುವ ಶೈಲಿ ಹರಡಿದ್ದು ಕವಾಯಿ ದ್ವೀಪದ ಅಬ್ರಹಾಂ ಕವಾಯಿ ಅವರಿಂದ, 1970ರ ದಶಕದ ನಂತರ. ಅದು ಎಷ್ಟು ಪುರಾತನ ಎಂಬ ಬಗ್ಗೆ ಹವಾಯಿಯವರಲ್ಲೇ ಒಮ್ಮತವಿಲ್ಲ. ಹೋಓಪೊನೊಪೊನೊವನ್ನು ಒಬ್ಬರೇ ಕೂತು ಮಾಡುವ ಹಾಗೆ ಬದಲಿಸಿದವರು ಮೋರ್ನಾ ಸಿಮಿಯೋನ. ಅವರು ಹವಾಯಿಯವರೇ, ಹೊನೊಲುಲುವಿನ ಹೋಟೆಲುಗಳಲ್ಲಿ ಲೋಮಿಲೋಮಿ ಮಾಡುತ್ತಿದ್ದವರು. ಈಗ ಮೊಬೈಲಿನಲ್ಲಿ ಹರಿದಾಡುವ ನಾಲ್ಕು ವಾಕ್ಯಗಳ ಜಪ ಅವರಿಗಿಂತಲೂ ಈಚಿನದು. ಅದರಿಂದ ಯಾರಿಗಾದರೂ ಸಮಾಧಾನ ಸಿಕ್ಕರೆ ಒಳ್ಳೆಯದೇ. ಎದುರುಬದುರು ಕೂತು ಜಗಳ ಬಿಡಿಸುವ ಕಷ್ಟ ಮಾತ್ರ ಅದರಲ್ಲಿ ಇಲ್ಲ.

ಕೊನೆಯದಾಗಿ ಕಾನೂನು. 1988ರಲ್ಲಿ ಅಮೆರಿಕ ಸರ್ಕಾರ ಮೂಲ ಹವಾಯಿಯರ ಆರೋಗ್ಯಕ್ಕಾಗಿ ಕಾಯಿದೆ ಮಾಡಿತು. ಆ ಕೆಲಸದಲ್ಲಿ ಪಾಪಾ ಓಲಾ ಲೋಕಾಹಿ ಸಂಸ್ಥೆಗೆ ಮುಖ್ಯ ಪಾತ್ರ. ಮುಂದೆ ಹವಾಯಿ ರಾಜ್ಯ 1998ರಲ್ಲಿ, ಮತ್ತೆ 2001ರಲ್ಲಿ ಕಾನೂನು ತಂದು, ಪಾರಂಪರಿಕ ವೈದ್ಯರನ್ನು ಗುರುತಿಸುವ ಅಧಿಕಾರವನ್ನು ಹಿರಿಯರ ಮಂಡಳಿಗಳಿಗೆ ಬಿಟ್ಟಿತು. ಅಂಥ ಮಂಡಳಿ ಒಪ್ಪಿದವರು ವೈದ್ಯಕೀಯ ಪರವಾನಗಿ ಇಲ್ಲದೆಯೂ ತಮ್ಮ ಪದ್ಧತಿಯಲ್ಲಿ ಚಿಕಿತ್ಸೆ ಕೊಡಬಹುದು. ಓಹುವಿನ ವಾಯನಾಯ್ ಕರಾವಳಿಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರರ ಜೊತೆಗೆ ಪಾರಂಪರಿಕ ಚಿಕಿತ್ಸೆಯ ವಿಭಾಗವೂ ಇದೆ. ಲೋಮಿಲೋಮಿ, ಮೂಲಿಕೆ, ಹೋಓಪೊನೊಪೊನೊ ಮೂರನ್ನೂ ಹವಾಯಿಯ ಪಾರಂಪರಿಕ ವೈದ್ಯದವರು ಇಂದಿಗೂ ಒಂದೇ ವಿದ್ಯೆಯ ಭಾಗಗಳಾಗಿ ಎಣಿಸುತ್ತಾರೆ.